ಗುರ್ಜರ ದೇಶದ ರಾಜಮಾತೆ ಮೀನಳದೇವಿ



ಲೇಖನಿಯನ್ನು ಹಿಡಿಯುವುದಕ್ಕೆ ಮುಂಚೆ ಹದಿನೈದು ವರ್ಷ ಹೋಟೆಲಿನ ಗಲ್ಲಾದ ಮುಂದೆ ಕುಳಿತವರು ನಾವು. ಆ ಕಾಲದ ಒಂದು ಸಣ್ಣ ಸಂಗತಿಯಿಂದ ಈ ಲೇಖನವನ್ನು ಪ್ರಾರಂಭಿಸುತ್ತೇವೆ. ಕುಂದಾಪುರದ ಕಡೆಯಿಂದ ಹೊಸದಾಗಿ ಬಂದ ಹುಡುಗನೊಬ್ಬನು ನಮ್ಮಲ್ಲಿ ಸಪ್ಲೈಯರನಾಗಿದ್ದನು. ಒಂದು ದಿನ ಗಿರಾಕಿಯೊಬ್ಬರು ಅವನ ಊರನ್ನು ವಿಚಾರಿಸಿದರು. ಅವನು ಕರ್ನಾಟಕವೆಂದನು. ಅವರು ನಕ್ಕು, ಅದೆಲ್ಲವೂ ಮದ್ರಾಸೇ ತಾನೆ ಎಂದು ಹೇಳಿ ಇಡ್ಲಿಗೆ ಕೈಹಾಕಿದರು. ಅವರ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೂ ಹುಡುಗನಿಗೆ ಆ ರಾತ್ರಿ ಊಟ ಸೇರಲಿಲ್ಲ. ಮನೆಯವರನ್ನು ಬಿಟ್ಟು ಇಷ್ಟು ದೂರ ಬಂದುದಲ್ಲದೆ, ತಾನು ಹುಟ್ಟಿದ ನಾಡಿಗೂ ಇಲ್ಲಿ ಹೆಸರಿಲ್ಲವಲ್ಲಾ ಎಂಬ ದುಃಖವು ಅವನನ್ನು ಹಿಡಿದಿತ್ತು.

ಆ ರಾತ್ರಿ ಅಡುಗೆಮನೆಯ ಬೆಂಚಿನ ಮೇಲೆ ಕುಳಿತು ನಾವು ಅವನಿಗೆ ಹೇಳಿದ ಕಥೆಯೇ ಇಂದಿನ ನಮ್ಮ ವಿಷಯ. ಒಂಬೈನೂರು ವರ್ಷಗಳಿಗೂ ಹಿಂದೆ ನಮ್ಮ ಸೀಮೆಯಿಂದ ಈ ಸೀಮೆಗೆ ಬಂದು, ಇಲ್ಲಿ ರಾಣಿಯಾಗಿ, ರಾಜಮಾತೆಯಾಗಿ, ಇಂದಿಗೂ ಗುಜರಾತಿನ ಜನರ ಬಾಯಲ್ಲಿ ಗೌರವದಿಂದ ನಿಂತಿರುವ ಒಬ್ಬ ಹೆಣ್ಣುಮಗಳ ಚರಿತ್ರೆ ಅದು. ಗುಜರಾತಿಯಲ್ಲಿ ಆಕೆ ಮೀನಳದೇವಿ. ಹಳೆಯ ಗ್ರಂಥಗಳಲ್ಲಿ ಮಯಣಲ್ಲದೇವಿ. ನಮ್ಮವರಲ್ಲಿ ಆಕೆಯ ಹೆಸರನ್ನು ಕೇಳಿದವರು ವಿರಳ. ಗುಜರಾತಿನಲ್ಲಿ ಕೇಳದವರು ವಿರಳ.

ಆಕೆಯ ತಂದೆ ಗೋವೆಯ ಕದಂಬ ವಂಶದ ಜಯಕೇಶಿ. ಹನ್ನೊಂದನೆಯ ಶತಮಾನದ ಮಧ್ಯಭಾಗದಲ್ಲಿ ಆತನು ಆಳುತ್ತಿದ್ದನು. ಬನವಾಸಿಯ ಕದಂಬರ ಹೆಸರನ್ನು ಉಳಿಸಿಕೊಂಡು ಬಂದ ಈ ಮನೆತನದವರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಅವರ ಶಾಸನಗಳು ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಇವೆ. ಬೆಳಗಾವಿ ಜಿಲ್ಲೆಯ ಹಲಸಿ ಮತ್ತು ದೇಗಾಂವೆಗಳ ದೇವಾಲಯಗಳನ್ನು ನೋಡಿದವರಿಗೆ ಆ ವಂಶದ ವೈಭವವನ್ನು ನಾವು ಬೇರೆ ವರ್ಣಿಸಬೇಕಾಗಿಲ್ಲ. ಚಂದ್ರಪುರವೂ ಗೋಪಕಪಟ್ಟಣವೂ ಅವರ ರಾಜಧಾನಿಗಳಾಗಿದ್ದವು. ಕಡಲನ್ನು ಬಲ್ಲ ಅರಸರು ಅವರು. ಸೋಮನಾಥನ ದರ್ಶನಕ್ಕಾಗಿ ಹಡಗಿನಲ್ಲಿ ಹೊರಟ ಸಂಗತಿಯನ್ನು ತಮ್ಮ ಶಾಸನದಲ್ಲಿಯೇ ಬರೆಯಿಸಿರುವರು.

ಆಕೆ ಗುಜರಾತಿಗೆ ಬಂದುದಾದರೂ ಹೇಗೆ? ಇಲ್ಲಿಂದಲೇ ಕಥೆಗಳ ಕೆಲಸ ಆರಂಭವಾಗುತ್ತದೆ. ಒಬ್ಬಳೇ ರಾಣಿಯ ವಿವಾಹವನ್ನು ಇಬ್ಬರು ಜೈನ ಪಂಡಿತರು ಎರಡು ಬಗೆಯಾಗಿ ಬರೆದಿರುವರು.

ಮೊದಲನೆಯವನು ಹೇಮಚಂದ್ರಾಚಾರ್ಯನು. ಆತನು ಮೀನಳದೇವಿಯ ಮಗನ ಆಸ್ಥಾನದಲ್ಲಿಯೇ ಗೌರವ ಪಡೆದವನು. ತನ್ನ ದ್ವ್ಯಾಶ್ರಯ ಕಾವ್ಯದಲ್ಲಿ ಆತನು ಒಂದು ಚಿತ್ರಪಟದ ಪ್ರಸಂಗವನ್ನು ಹೇಳುತ್ತಾನೆ. ಚಿತ್ರಕಾರನೊಬ್ಬನು ದಕ್ಷಿಣದಿಂದ ಅಣಹಿಲವಾಡ ಪಾಟಣಕ್ಕೆ ಬಂದು, ಸೋಲಂಕಿ ದೊರೆ ಕರ್ಣನಿಗೆ ರಾಜಕುಮಾರಿಯ ಚಿತ್ರವನ್ನು ತೋರಿಸಿದನಂತೆ. ಕುಮಾರಿಯೂ ಕರ್ಣನ ಚಿತ್ರವನ್ನು ಕಂಡು ಆತನಲ್ಲಿ ಮನಸ್ಸಿಟ್ಟಿದ್ದಳಂತೆ. ಆಕೆಯ ಸೌಂದರ್ಯಕ್ಕೆ ಅರಸನು ಮರುಳಾದನು; ಮದುವೆಯಾಯಿತು. ಅರಮನೆಗೆ ಒಪ್ಪುವ ಕಥೆ.

ಎರಡನೆಯವನು ಮೇರುತುಂಗಾಚಾರ್ಯನು. ಆತನು ತನ್ನ ಪ್ರಬಂಧಚಿಂತಾಮಣಿಯನ್ನು ವಢವಾಣದಲ್ಲಿ ಮುಗಿಸಿದುದು 1305ರ ಸುಮಾರಿಗೆ. ಆ ಹೊತ್ತಿಗೆ ಸೋಲಂಕಿಗಳ ಸಿಂಹಾಸನವೇ ಇರಲಿಲ್ಲವಾದುದರಿಂದ ಆತನಿಗೆ ಯಾರ ದಾಕ್ಷಿಣ್ಯವೂ ಬೇಕಾಗಿರಲಿಲ್ಲ. ಆತನು ಹೇಳುವುದು ಬೇರೆ. ಜಯಕೇಶಿಯ ಸಭೆಗೆ ಬಂದ ಯಾತ್ರಿಕರು ಸೋಮನಾಥನನ್ನು ಸ್ತುತಿಸುತ್ತಿದ್ದಾಗ, ಆ ಹೆಸರು ಕಿವಿಗೆ ಬಿದ್ದೊಡನೆ ಬಾಲಿಕೆಗೆ ಪೂರ್ವಜನ್ಮದ ಸ್ಮರಣೆಯಾಯಿತಂತೆ. ಹಿಂದಿನ ಜನ್ಮದಲ್ಲಿ ತಾನು ಬಡ ಬ್ರಾಹ್ಮಣಿಯಾಗಿದ್ದು, ಸೋಮನಾಥದ ದಾರಿಯ ಬಾಹುಲೋಡವೆಂಬ ಸುಂಕದ ಕಟ್ಟೆಯಲ್ಲಿ ಯಾತ್ರೆಯ ತೆರಿಗೆಯನ್ನು ಕೊಡಲಾರದೆ ನಿಂತವಳು. ಮುಂದಿನ ಜನ್ಮದಲ್ಲಾದರೂ ಆ ತೆರಿಗೆಯನ್ನು ಬಿಡಿಸುವಂತಾಗಲೆಂದು ಸಂಕಲ್ಪಿಸಿ ಪ್ರಾಣಬಿಟ್ಟವಳು. ಆದಕಾರಣ ಗುರ್ಜರ ದೇಶದ ಅರಸನನ್ನೇ ವರಿಸುವೆನೆಂದು ಆಕೆ ನಿಶ್ಚಯಿಸಿದಳು. ಹೀಗೆ, ದಾರಿಹೋಕರ ಬಾಯಿಂದ ಕೇಳಿದ ಒಂದು ಹೆಸರು ಆಕೆಯನ್ನು ನಾಡು ಬಿಟ್ಟು ನಾಡಿಗೆ ಕರೆತಂದಿತೆಂದು ಮೇರುತುಂಗನ ಮತ.

ಆದರೆ ಆಕೆಗಿಂತ ಮುಂಚೆ ಇನ್ನೊಂದು ಮಾತು ಪಾಟಣಕ್ಕೆ ಬಂದು ಸೇರಿತ್ತು. ಕುಮಾರಿ ರೂಪಹೀನಳೆಂಬ ಮಾತು ಅದು. ಕರ್ಣನು ಆಕೆಯನ್ನು ಕಂಡು, ಕೇಳಿದುದೇ ನಿಜವೆಂದುಕೊಂಡು ಮುಖ ತಿರುಗಿಸಿದನು. ತವರಿಗೆ ಹಿಂದಿರುಗುವ ಅವಮಾನಕ್ಕಿಂತ ಅಗ್ನಿಪ್ರವೇಶವೇ ಮೇಲೆಂದು ಮೀನಳದೇವಿ ಸಖಿಯರೊಡನೆ ಸಿದ್ಧಳಾದಳು. ಆಗ ಆಕೆಯ ಪಕ್ಷವನ್ನು ವಹಿಸಿದವಳು ಅತ್ತೆಯಾಗಬೇಕಾದ ಉದಯಮತಿ. ಪಾಟಣದ ಪ್ರಸಿದ್ಧವಾದ ರಾಣೀ ಕೀ ವಾವ್ ಎಂಬ ಮೆಟ್ಟಿಲುಬಾವಿಯನ್ನು ಕಟ್ಟಿಸಿದವಳೆಂದು ಹೆಸರಾದ ರಾಣಿ ಈಕೆಯೇ; ಆ ಬಾವಿ 2014ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪರದೇಶದಿಂದ ನಂಬಿ ಬಂದ ಹೆಣ್ಣು ತನ್ನ ಮನೆಯ ಬಾಗಿಲಲ್ಲಿ ಸಾಯುವುದಾದರೆ ತಾನೂ ಬದುಕಿರೆನೆಂದು ಆಕೆ ಮಗನಿಗೆ ತಿಳಿಸಿದಳಂತೆ. ತಾಯಿಯ ಒತ್ತಾಯಕ್ಕೆ ಕರ್ಣನು ಮದುವೆಯಾದನು. ಆದರೆ ಹೆಂಡತಿಯ ಮುಖವನ್ನು ನೋಡಲಿಲ್ಲ. ಬಹುಕಾಲದ ಮೇಲೆ ಮುಂಜಾಲನೆಂಬ ಮಂತ್ರಿಯ ಯುಕ್ತಿಯಿಂದ ದಂಪತಿಗಳು ಕೂಡಿದರೆಂದೂ, ಅವರ ಮಗನೇ ಸಿದ್ಧರಾಜ ಜಯಸಿಂಹನೆಂದೂ ಮೇರುತುಂಗನು ಬರೆದಿರುವನು.

ಒಂದು ಗ್ರಂಥದಲ್ಲಿ ಆಕೆ ರೂಪವತಿ, ಇನ್ನೊಂದರಲ್ಲಿ ರೂಪಹೀನೆ. ಇಬ್ಬರೂ ವಿದ್ವಾಂಸರು, ಇಬ್ಬರೂ ಸನ್ಯಾಸಿಗಳು. ಯಾರ ಮಾತು ನಿಜವೆಂದು ನಿರ್ಣಯಿಸುವುದಕ್ಕೆ ನಾವು ಪಂಡಿತರಲ್ಲ. ನಮಗೆ ತೋರುವುದಿಷ್ಟೆ: ನಾಲ್ಕು ಜನ ಆಡಿದ ಒಂದು ಮಾತಿನಿಂದ ಆ ಹೆಣ್ಣುಮಗಳು ಬೆಂಕಿಯವರೆಗೆ ಹೋದಳು, ಅತ್ತೆ ಆಡಿದ ಒಂದು ಮಾತಿನಿಂದ ಬೆಂಕಿಯಿಂದ ಹಿಂದಕ್ಕೆ ಬಂದಳು.

ಕರ್ಣನು ಸುಮಾರು 1064ರಿಂದ 1092ರವರೆಗೆ ಆಳಿದನು. ಸೂರತ್ತಿನ ನಮ್ಮ ವಾಚಕರಿಗೆ ಹತ್ತಿರದ ನವಸಾರಿಯಲ್ಲಿ ಆತನ 1074ರ ತಾಮ್ರಶಾಸನವು ದೊರೆತಿದೆ. ಅಹಮದಾಬಾದಿನ ವಾಚಕರಂತೂ ಆತನ ನೆಲದ ಮೇಲೆಯೇ ವಾಸವಾಗಿರುವರು. ಆಶಾ ಎಂಬ ಭಿಲ್ಲ ನಾಯಕನನ್ನು ಗೆದ್ದು, ಆಶಾಪಲ್ಲಿಯ ಬಳಿಯಲ್ಲಿ ಸಾಬರಮತಿಯ ದಡದ ಮೇಲೆ ಕರ್ಣನು ಕರ್ಣಾವತಿಯನ್ನು ಸ್ಥಾಪಿಸಿದನು. ಆ ಪ್ರದೇಶದಲ್ಲಿಯೇ 1411ರಲ್ಲಿ ಸುಲ್ತಾನ ಅಹಮದ್ ಶಹನು ಅಹಮದಾಬಾದನ್ನು ಕಟ್ಟಿಸಿದನು. ನಾವು ದಿನವೂ ಬಸ್ಸು ಹತ್ತಿ ಕೆಲಸಕ್ಕೆ ಹೋಗುವ ಈ ನಗರದ ಮೊದಲಿನ ಹೆಸರು ಕದಂಬರ ಅಳಿಯನ ಹೆಸರು!

ಈ ಸಂದರ್ಭದಲ್ಲಿ ಇನ್ನೊಬ್ಬ ವಲಸೆಗಾರನನ್ನೂ ನೆನೆಯುವುದು ಉಚಿತ. ಕಾಶ್ಮೀರದಿಂದ ಹೊರಟ ಬಿಲ್ಹಣ ಕವಿಯು ಆಶ್ರಯವನ್ನರಸುತ್ತ ಕರ್ಣನ ಪಾಟಣಕ್ಕೂ ಬಂದನು. ಕರ್ಣನನ್ನೇ ನಾಯಕನನ್ನಾಗಿ ಮಾಡಿ ಕರ್ಣಸುಂದರಿಯೆಂಬ ನಾಟಕವನ್ನು ರಚಿಸಿದನು. ಅದರ ನಾಯಿಕೆಯಾದ ವಿದ್ಯಾಧರ ಕನ್ಯೆಯು ನಮ್ಮ ಮೀನಳದೇವಿಯೇ ಎಂದು ಹಲವು ವಿದ್ವಾಂಸರು ಊಹಿಸಿರುವರು. ಆದರೆ ಕವಿಗೆ ಈ ದೇಶವು ಹಿಡಿಸಲಿಲ್ಲ. ಮುಂದೆ ಕಲ್ಯಾಣಕ್ಕೆ ಹೋಗಿ ನಮ್ಮ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ನೆಲೆನಿಂತು ವಿಕ್ರಮಾಂಕದೇವಚರಿತವನ್ನು ಬರೆದಾಗ, ಗುರ್ಜರರು ಕಚ್ಚೆ ಕಟ್ಟುವ ರೀತಿಯನ್ನೂ ಅವರ ನುಡಿಯನ್ನೂ ಹಳಿದು, ಅವರ ಸಹವಾಸದ ಬೇಸರವು ಸೋಮನಾಥನ ದರ್ಶನದಿಂದ ಕಳೆಯಿತೆಂದು ಬರೆದಿಟ್ಟನು. ಪಾಟಣದಲ್ಲಿ ಆತನಿಗೆ ಅನ್ನ ಹಾಕಿದವರು ಎಷ್ಟು ಮಂದಿಯೋ! ಅವರ ಹೆಸರೊಂದೂ ಉಳಿಯಲಿಲ್ಲ. ಆತನ ಮುನಿಸು ಮಾತ್ರ ಒಂಬೈನೂರು ವರ್ಷ ಉಳಿಯಿತು. ಸಂಜೆ ಕೋಣೆಯಲ್ಲಿ ಕೂಡಿ ಈ ಊರಿನವರನ್ನು ಕುರಿತು ಹರಟೆ ಹೊಡೆಯುವ ನಮ್ಮ ತರುಣರು ಇದನ್ನು ಸ್ವಲ್ಪ ಯೋಚಿಸಬೇಕು.

ಕರ್ಣನ ಅನಂತರ ಪಟ್ಟಕ್ಕೆ ಬಂದ ಜಯಸಿಂಹನು ಆಗ ಇನ್ನೂ ಬಾಲಕನು. ಮಗನು ಪ್ರಾಯಕ್ಕೆ ಬರುವ ತನಕ ಮಂತ್ರಿಗಳ ನೆರವಿನಿಂದ ರಾಜ್ಯಭಾರದ ಹೊಣೆಯನ್ನು ಹೊತ್ತವಳು ಮೀನಳದೇವಿ. ರೂಪಹೀನಳೆಂದು ಬಾಗಿಲಲ್ಲಿ ನಿಲ್ಲಿಸಲ್ಪಟ್ಟವಳ ಆಜ್ಞೆಯು ಆ ಬಾಗಿಲಿನೊಳಗೆ ನಡೆಯತೊಡಗಿತು. ಆ ಮಗನೇ ಮುಂದೆ ಸುಮಾರು 1142ರವರೆಗೆ ಆಳಿ, ಮಾಳವವನ್ನು ಗೆದ್ದು, ಪಾಟಣದಲ್ಲಿ ಸಹಸ್ರಲಿಂಗ ಸರೋವರವನ್ನು ಕಟ್ಟಿಸಿ, ಗುಜರಾತಿನ ಅರಸರಲ್ಲಿಯೇ ಶ್ರೇಷ್ಠನೆನಿಸಿದನು. ಮಾಳವದ ಭೋಜರಾಜನ ವ್ಯಾಕರಣವಿದ್ದಂತೆ ತನ್ನ ನಾಡಿಗೂ ಒಂದು ವ್ಯಾಕರಣವಿರಬೇಕೆಂದು ಹೇಮಚಂದ್ರನಿಂದ ಬರೆಯಿಸಿ, ಆ ಗ್ರಂಥವನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಿಸಿದನೆಂದು ಪ್ರತೀತಿ. ಕತ್ತಿಯಿಂದ ಗೆದ್ದ ರಾಜ್ಯವು ಮಾತಿನಿಂದ ನಿಲ್ಲಬೇಕೆಂಬುದನ್ನು ಆತನು ಅರಿತಿದ್ದನು.

ಇನ್ನು ಬಾಹುಲೋಡದ ತೆರಿಗೆಯ ಸಂಗತಿ. ಮಗನೊಡನೆ ಸೋಮನಾಥ ಯಾತ್ರೆಗೆ ಹೊರಟ ಮೀನಳದೇವಿ ಆ ಕಟ್ಟೆಗೆ ಬಂದಾಗ, ತೆರಿಗೆ ಕೊಡಲಾರದ ಬಡ ಯಾತ್ರಿಕರು ಕಣ್ಣೀರಿಡುತ್ತ ಹಿಂದಿರುಗುತ್ತಿದ್ದರು. ರಾಜಮಾತೆ ತಾನೂ ಪಲ್ಲಕ್ಕಿಯನ್ನು ಹಿಂದಕ್ಕೆ ತಿರುಗಿಸಿದಳು. ಓಡಿಬಂದ ಮಗನಿಗೆ, ಈ ತೆರಿಗೆ ನಿಲ್ಲುವವರೆಗೆ ತಾನು ದೇವರಿಗೆ ನಮಸ್ಕರಿಸುವುದೂ ಇಲ್ಲ, ಅನ್ನವನ್ನು ಮುಟ್ಟುವುದೂ ಇಲ್ಲವೆಂದು ತಿಳಿಸಿದಳು. ಸಿದ್ಧರಾಜನು ಅಧಿಕಾರಿಗಳನ್ನು ಕರೆಯಿಸಿ ಲೆಕ್ಕವನ್ನು ನೋಡಿದನು. ಎಪ್ಪತ್ತೆರಡು ಲಕ್ಷದ ಆದಾಯ! ಆ ಪತ್ರವನ್ನು ಹರಿದುಹಾಕಿ, ತಾಯಿಯ ಪುಣ್ಯಾರ್ಥವಾಗಿ ಆಕೆಯ ಕೈಯಲ್ಲಿ ನೀರು ಬಿಟ್ಟು, ತೆರಿಗೆಯನ್ನು ಮನ್ನಾ ಮಾಡಿದನೆಂದು ಮೇರುತುಂಗನು ಹೇಳುತ್ತಾನೆ.

ಪೂರ್ವಜನ್ಮವನ್ನು ನಂಬುವವರು ನಂಬಬಹುದು, ನಂಬದವರು ಬಿಡಬಹುದು. ಆದರೆ ಒಂದನ್ನು ಗಮನಿಸಬೇಕು. ತಾನೂ ಒಮ್ಮೆ ಇದೇ ಕಟ್ಟೆಯಲ್ಲಿ ಕಾಸಿಲ್ಲದೆ ನಿಂತವಳೆಂದು ನಂಬಿದ ರಾಣಿಗೆ ಆ ಬಡವರು ಅನ್ಯರಾಗಿ ಕಾಣಲಿಲ್ಲ. ಖಜಾನೆಯ ಲೆಕ್ಕದಲ್ಲಿ ಎಪ್ಪತ್ತೆರಡು ಲಕ್ಷವಾಗಿದ್ದುದು ಆಕೆಯ ಕಣ್ಣಿಗೆ ಕಣ್ಣೀರಾಗಿ ಕಂಡಿತು. ನಾವು ಯಾವ ಕಥೆಯನ್ನು ನಮ್ಮದೆಂದು ನಂಬುತ್ತೇವೆಯೋ ಅದಕ್ಕೆ ತಕ್ಕಂತೆ ಎದುರಿಗಿರುವ ಮನುಷ್ಯನು ನಮಗೆ ಕಾಣಿಸುತ್ತಾನೆ.

ಆ ಮನೆತನದವರು ಮಾತನ್ನು ಎಷ್ಟು ದೊಡ್ಡದೆಂದು ಎಣಿಸಿದ್ದರೆಂಬುದಕ್ಕೆ ಮೇರುತುಂಗನು ಆಕೆಯ ತಂದೆಯ ಮರಣವನ್ನೂ ಹೇಳಿರುವನು. ಜಯಕೇಶಿಯು ಒಂದು ಗಿಣಿಯನ್ನು ಸಾಕಿದ್ದನು. ಊಟದ ಹೊತ್ತಿನಲ್ಲಿ ಪಂಜರದಿಂದ ಹೊರಗೆ ಕರೆದಾಗ ಅದು ಬೆಕ್ಕಿನ ಭಯವನ್ನು ಸೂಚಿಸಿತು. ಅರಸನು ಸುತ್ತಲೂ ನೋಡಿ, ಬೆಕ್ಕು ಕಾಣದೆ, ನಿನ್ನನ್ನು ಬೆಕ್ಕು ಕೊಂದರೆ ನಾನೂ ನಿನ್ನೊಡನೆ ಸಾಯುವೆನೆಂದು ಭಾಷೆ ಕೊಟ್ಟನು. ಬೆಕ್ಕು ಆತನ ಪೀಠದ ಕೆಳಗೇ ಇದ್ದಿತು. ಗಿಣಿಯು ಸತ್ತಿತು, ಮಂತ್ರಿಗಳು ಎಷ್ಟು ಬೇಡಿಕೊಂಡರೂ ಕೇಳದೆ ಅರಸನು ಚಿತೆಯನ್ನೇರಿದನು. ಹಕ್ಕಿಗೆ ಕೊಟ್ಟ ಮಾತಿಗೆ ಪ್ರಾಣವನ್ನು ತೆತ್ತ ಈ ಕಥೆಯನ್ನು ಕೇಳಿ ನಗುವವರು ನಗಲಿ. ಮುಂದಿನ ತಿಂಗಳು ಸಂಬಳ ಹೆಚ್ಚಿಸುವೆನೆಂದು ಹುಡುಗರಿಗೆ ಮಾತು ಕೊಟ್ಟು ಮರೆಯುವ ನಮ್ಮಂತಹ ಮಾಲೀಕರಿಗೆ ಮಾತ್ರ ನಗು ಬಾರದು.

ಅಹಮದಾಬಾದಿನಿಂದ ಸುಮಾರು 40 ಕಿಲೋಮೀಟರ್ ದೂರದ ಧೋಳಕಾದಲ್ಲಿ ಮಲಾವ್ ಎಂಬ ಕೆರೆಯಿದೆ. ವೀರಮಗಾಮದಲ್ಲಿ ಮುನಸರ್ ಕೆರೆಯಿದೆ. ಎರಡನ್ನೂ ಮೀನಳದೇವಿ ಕಟ್ಟಿಸಿದಳೆಂದು ಜನರು ನಂಬುತ್ತಾರೆ. ಮಲಾವ್ ಕೆರೆಯನ್ನು ತೋಡಿಸುವಾಗ ದಡದಲ್ಲಿ ಒಬ್ಬ ಗಣಿಕೆಯ ಮನೆಯು ಅಡ್ಡವಾಗಿತ್ತಂತೆ. ರಾಣಿ ಕೇಳಿದಷ್ಟು ಹಣ ಕೊಡುವೆನೆಂದಳು. ಗಣಿಕೆಯು ಒಪ್ಪಲಿಲ್ಲ. ಕೆರೆಯಿಂದ ರಾಣಿಯ ಹೆಸರು ಉಳಿಯುವಂತೆ, ಕೆರೆಯ ಕೊರತೆಯಿಂದ ತನ್ನ ನೆನಪೂ ಉಳಿಯಲಿ ಎಂಬುದು ಆಕೆಯ ವಾದ. ರಾಣಿಯ ಬಳಿ ಸೈನ್ಯವಿತ್ತು, ಆನೆಗಳಿದ್ದವು. ಆಕೆ ಮನೆಯನ್ನು ಕೆಡವಿಸಲಿಲ್ಲ. ಕೆರೆಯನ್ನೇ ಸೊಟ್ಟಗೆ ಬಿಟ್ಟಳು. ನ್ಯಾಯವನ್ನು ನೋಡಬೇಕಾದವರು ಮಲಾವ್ ಕೆರೆಯನ್ನು ನೋಡಬೇಕೆಂಬ ಅರ್ಥದ ಗಾದೆಯು ಗುಜರಾತಿಯಲ್ಲಿ ಹುಟ್ಟಿತು. ನೇರವಾದ ಕೆರೆಗಳು ದೇಶದಲ್ಲಿ ಬೇಕಾದಷ್ಟಿವೆ. ಗಾದೆಯಾದುದು ಸೊಟ್ಟ ಕೆರೆ.

ಗಾದೆ ಹುಟ್ಟಿದರೆ ಸಾಲದು, ಅದನ್ನು ಪುನಃ ಹೇಳುವವರು ಬೇಕು. ಭರೂಚದಲ್ಲಿ ಜನಿಸಿ ವಡೋದರದ ಕಾಲೇಜಿನಲ್ಲಿ ಓದಿದ ಕನ್ಹಯ್ಯಾಲಾಲ್ ಮಾಣಿಕಲಾಲ್ ಮುನ್ಷಿಯವರು 1916ರಲ್ಲಿ ಪಾಟಣನೀ ಪ್ರಭುತಾ ಎಂಬ ಕಾದಂಬರಿಯನ್ನು ಗುಪ್ತನಾಮದಿಂದ ಪ್ರಕಟಿಸಿದರು. ಅದರ ನಡುವಣ ಪಾತ್ರ ಮೀನಳದೇವಿಯೇ. ಮುನ್ಷಿಯವರ ಮೀನಳದೇವಿ ಅಭಿಮಾನವತಿ, ಮುಂಜಾಲ ಮಂತ್ರಿಯಲ್ಲಿ ಅನುರಕ್ತೆ, ಅಧಿಕಾರಕ್ಕಾಗಿ ಹೋರಾಡಿ, ಕೊನೆಗೆ ಪಾಟಣದ ಪ್ರಜೆಗಳ ಮನಸ್ಸಿಗೆ ಬಾಗಿ ಗೆಲ್ಲುವವಳು. ಚರಿತ್ರೆಗೂ ಇದಕ್ಕೂ ಎಷ್ಟು ಸಂಬಂಧವಿದೆಯೆಂದು ವಿದ್ವಾಂಸರು ಚರ್ಚಿಸಬಹುದು. ಆದರೆ ಪರರ ಆಳ್ವಿಕೆಯಲ್ಲಿದ್ದ ಗುಜರಾತಿ ಓದುಗರಿಗೆ ತಾವೂ ಒಂದು ನಾಡಿನವರೆಂಬ ಅಭಿಮಾನವನ್ನು ಆ ಕಾದಂಬರಿಗಳು ಕೊಟ್ಟವು. ಗುಜರಾತಿನ ಅಸ್ಮಿತೆಯೆಂಬ ಮಾತನ್ನು ಮುನ್ಷಿಯವರು ಬಳಕೆಗೆ ತಂದರು. 1960ರ ಮೇ 1ರಂದು ಗುಜರಾತ್ ರಾಜ್ಯವು ಹುಟ್ಟುವುದಕ್ಕೆ ನಲವತ್ತು ವರ್ಷ ಮುಂಚೆಯೇ ಅದು ಓದುಗರ ಮನಸ್ಸಿನಲ್ಲಿ ಹುಟ್ಟಿತ್ತು.

ಅತ್ತ ಧಾರವಾಡದಲ್ಲಿಯೂ ಅದೇ ಕಾಲದಲ್ಲಿ ಅದೇ ಕೆಲಸವು ನಡೆದಿತ್ತು. ಆಲೂರು ವೆಂಕಟರಾಯರು 1917ರಲ್ಲಿ ಕರ್ನಾಟಕ ಗತವೈಭವವನ್ನು ಪ್ರಕಟಿಸಿ, ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಕದಂಬ, ಚಾಲುಕ್ಯ, ರಾಷ್ಟ್ರಕೂಟರ ಕಥೆಯನ್ನು ಹೇಳಿದರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ನಮ್ಮ ಕುಂದಾಪುರದ ಹುಡುಗನು ಗಿರಾಕಿಗೆ ಹೇಳಿದ ಹೆಸರು ಅದೇ. ಅದರ ಹಿಂದೆ ಎಷ್ಟು ಜನರ ಎಷ್ಟು ವರ್ಷಗಳ ಮಾತು ಇದೆಯೆಂಬುದು ಆ ಗಿರಾಕಿಗೂ ತಿಳಿದಿರಲಿಲ್ಲ, ಹುಡುಗನಿಗೂ ತಿಳಿದಿರಲಿಲ್ಲ.

ಕಥೆಯನ್ನು ಕೇಳಿದ ಮೇಲೆ ಹುಡುಗನು ಊಟ ಮಾಡಿದನು. ಮರುದಿನ ಆ ಗಿರಾಕಿಯೇ ಬಂದಾಗ, ಅವನು ತನ್ನ ಹರಕು ಗುಜರಾತಿಯಲ್ಲಿ ಮೀನಳದೇವಿಯ ತವರಿನ ಕಡೆಯವನು ತಾನೆಂದು ತಿಳಿಸಿದನು. ಗಿರಾಕಿಯು ಬೆರಗಾಗಿ ಚಹದ ಲೋಟವನ್ನು ಕೆಳಗಿಟ್ಟು, ಅವನ ಊರಿನ ಹೆಸರನ್ನು ಎರಡು ಸಲ ಉಚ್ಚರಿಸಿ ನೋಡಿದರು. ಮುಂದೆ ಎಂದೂ ಅವನನ್ನು ಮದ್ರಾಸಿಯೆಂದು ಕರೆಯಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ನಮಗೆ ಸುಲಭವಾಗುತ್ತಿತ್ತು. ಆದರೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಇನ್ನೊಬ್ಬ ಹುಡುಗನಿದ್ದನು. ಅವನ ಮೈಬಣ್ಣವನ್ನು ಹಿಡಿದು ಒಂದು ಅಡ್ಡಹೆಸರನ್ನು ಇಟ್ಟವರು ನಾವೇ. ಎಲ್ಲರೂ ಅವನನ್ನು ಹಾಗೆಯೇ ಕರೆದರು. ಅವನೂ ನಗುತ್ತ ಓಗೊಟ್ಟನು. ನಾಲ್ಕು ವರ್ಷಗಳ ಮೇಲೆ ಕೆಲಸ ಬಿಟ್ಟು ಹೊರಟಾಗ, ಲೆಕ್ಕ ತೀರಿಸಿ ಸಹಿ ಮಾಡಿಸಿಕೊಳ್ಳಲು ಅವನ ನಿಜವಾದ ಹೆಸರನ್ನು ನಾವು ಅವನನ್ನೇ ಕೇಳಬೇಕಾಯಿತು. ಅವನು ಹೇಳಿದನು, ಆಗ ನಗಲಿಲ್ಲ. ಮದ್ರಾಸಿಯೆಂಬ ಮಾತಿಗೆ ನೊಂದವನನ್ನು ಸಂತೈಸಿದ ನಾವೇ, ಮೂರು ಮಾರು ದೂರದ ಮೋರಿಯ ಬಳಿ ನಿಂತವನಿಗೆ ಹೆಸರಿಲ್ಲದಂತೆ ಮಾಡಿದ್ದೆವು. ಪಾಟಣದವರು ಮೀನಳದೇವಿಗೆ ಮಾಡಿದುದೂ ಇದನ್ನೇ.

ಮೇರುತುಂಗನು ಹೇಳಿರುವ ಇನ್ನೊಂದು ಪ್ರಸಂಗವು ನಮ್ಮಂತಹವರಿಗಾಗಿಯೇ ಇದೆಯೆಂದು ತೋರುತ್ತದೆ. ತೆರಿಗೆಯನ್ನು ಬಿಡಿಸಿ, ಸೋಮನಾಥನಿಗೆ ಚಿನ್ನವನ್ನು ಅರ್ಪಿಸಿದ ಮೇಲೆ, ತನ್ನಂತಹ ದಾನಿ ಬೇರೆ ಯಾರೂ ಇಲ್ಲವೆಂಬ ಗರ್ವವು ರಾಣಿಯ ಮನಸ್ಸನ್ನು ಮುಟ್ಟಿತು. ಆಗ ಶಿವನು ತಪಸ್ವಿಯ ವೇಷದಿಂದ ಬಂದು, ಇದೇ ಗುಡಿಯಲ್ಲಿ ಒಬ್ಬ ಬಡ ಯಾತ್ರಿಕಳಿರುವಳು, ಆಕೆಯ ಪುಣ್ಯವನ್ನು ಬೇಡಿಕೋ ಎಂದನಂತೆ. ರಾಣಿ ಆ ಹೆಂಗಸನ್ನು ಹುಡುಕಿಸಿ ಕೇಳಿದಳು. ಭಿಕ್ಷೆ ಬೇಡುತ್ತ ನೂರು ಯೋಜನ ನಡೆದು ಬಂದವಳು ಆಕೆ. ತೀರ್ಥದಲ್ಲಿ ಉಪವಾಸವಿದ್ದು, ಮರುದಿನ ಯಾರೋ ಕೊಟ್ಟ ಹಿಂಡಿಯ ತುಣುಕಿನಲ್ಲಿ ಒಂದು ಪಾಲನ್ನು ದೇವರಿಗಿಟ್ಟು, ಒಂದು ಪಾಲನ್ನು ಅತಿಥಿಗೆ ಕೊಟ್ಟು, ಉಳಿದುದರಿಂದ ಪಾರಣೆ ಮಾಡಿದ್ದಳು. ಅಷ್ಟೇ ಆಕೆಯ ಪುಣ್ಯ. ಅರಸರ ಮಗಳು, ಅರಸನ ಮಡದಿ, ಅರಸನ ತಾಯಿಯಾದ ನೀನು ಇಂತಹ ಅಲ್ಪವನ್ನು ಏಕೆ ಬಯಸುವೆಯೆಂದು ಆಕೆ ಕೇಳಿದಳಂತೆ. ರಾಣಿಯ ಗರ್ವವು ಅಲ್ಲಿಗೆ ಇಳಿಯಿತು.

ಆ ಹೆಂಗಸಿನ ಹೆಸರನ್ನು ಮೇರುತುಂಗನು ಬರೆದಿಲ್ಲ. ಅತಿಥಿಗೆ ಅನ್ನ ಕೊಡುವುದು ನಮ್ಮ ಕಸುಬು. ಅದನ್ನು ಕೊಡುವ ಕೈಗಳ ಹೆಸರುಗಳು ಯಾವ ಗ್ರಂಥದಲ್ಲಿಯೂ ಬರಲಾರವು. ಆದರೆ ಒಂದು ಸೂರಿನ ಕೆಳಗೆ ದುಡಿಯುವವರು ಒಬ್ಬರನ್ನೊಬ್ಬರು ನಿಜವಾದ ಹೆಸರಿನಿಂದ ಕರೆಯುವುದಕ್ಕೆ ಗ್ರಂಥವೇನೂ ಬೇಕಾಗಿಲ್ಲ. ರಜೆಯ ದಿನ ದೊರೆತಾಗ ನಮ್ಮ ಬಾಂಧವರು ಧೋಳಕಾಕ್ಕೆ ಹೋಗಿ ಮಲಾವ್ ಕೆರೆಯ ಮೆಟ್ಟಿಲ ಮೇಲೆ ಕುಳಿತು ಬರಬೇಕೆಂದು ನಮ್ಮ ವಿನಂತಿ. ಹೋಗುವಾಗ ಪಾತ್ರೆ ತೊಳೆಯುವ ಹುಡುಗನನ್ನೂ ಅವನ ಹೆಸರು ಹಿಡಿದು ಕರೆದು, ಜೊತೆಗೆ ಕರೆದುಕೊಂಡು ಹೋಗಿರಿ.